ಕಡಲಿಂದ ಬಂದ ಸೊಸೆ

ಹಸು ಜೋಳದ ಹೊಲಕ್ಕೆ ನುಗ್ಗಿದ್ದನ್ನು ಮೊದಲು ನೋಡಿದವನು ಬೆಂತು. ಕಡಲು ಅಗಿದು ಉಗುಳಿದ ಪರಂಗಿ ಮನುಷ್ಯ. ಕೆಂಪು ಗಡ್ಡ, ಸೊಟ್ಟ ಎಡಗಾಲು, ಸೊಂಟಕ್ಕೊಂದು ತೊಗಲಿನ ತುಂಡು. ಅವನು ಕೋಲು ಎತ್ತಿಕೊಂಡ, ಎದೆ ಉಬ್ಬಿಸಿದ, ಕಣಿವೆಯ ಆಚೆ ದಂಡೆಗೂ ಕೇಳುವ ಹಾಗೆ ಕೂಗಿದ:

"ಏಯ್! ಓಡಿ ಬನ್ರೋ! ಕೊಂಬಮ್ಮ ಹೊಲಕ್ಕೆ ನುಗ್ಗವ್ಳೆ! ಬೆಚ್ಚಪ್ಪ ನೆತ್ತಿ ಮೇಲೆ ಬಂದವ್ನೆ, ಪಾಪ, ಅವಳಿಗೆ ತ್ಯಾವ ಕುಡಿಸ್ರೋ!"

ಹಟ್ಟಿಯ ಗಂಡಸರು ಓಡಿ ಬರಲಿಲ್ಲ. ಎಲ್ಲಿದ್ದರೋ ಅಲ್ಲೇ ಹೊಟ್ಟೆ ಹಿಡಿದುಕೊಂಡು ಕುಸಿದರು. ಚರ್ಮ ಹದ ಮಾಡುತ್ತಿದ್ದವನು ಚರ್ಮದ ಮೇಲೇ ಉರುಳಿದ. ಹೆಂಡದ ಮಡಕೆಗೆ ಬಾಯಿ ಇಟ್ಟಿದ್ದ ಮುದುಕ ಮಾಂಜಿಗೆ ಹೆಂಡ ಮೂಗಿನಲ್ಲಿ ಬಂತು. ಆ ಹೊತ್ತಿಗೆ ಹಸು ಎರಡು ಸಾಲು ಜೋಳ ಮುಗಿಸಿ, ಯಾರಿಗೂ ತೊಂದರೆ ಕೊಡದೆ, ತಾನೇ ದಾರಿ ಹಿಡಿದು ದೊಡ್ಡಿಗೆ ಹೋಯಿತು.

ನಗದೆ ನಿಂತವಳು ನೊಸಾಫೊ ಒಬ್ಬಳೇ. ನಗು ಬಂದಿರಲಿಲ್ಲ ಅಂತಲ್ಲ. ಹೊದ್ದ ತೊಗಲಿನ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಳು. ಅವನಿಗೆ ಆ ಮಾತುಗಳನ್ನು ಕಲಿಸಿದವಳು ಅವಳೇ.

ಅವಳ ತಪ್ಪಾದರೂ ಏನು? ಮದುವೆಯಾಗಿ ಬಂದ ಹೆಣ್ಣು ಮಾವನ ಹೆಸರು ಎತ್ತುವ ಹಾಗಿಲ್ಲ. ಮಾವನ ಅಪ್ಪನ ಹೆಸರು, ಮಾವನ ತಮ್ಮನ ಹೆಸರು ಕೂಡ ಬಾಯಿಗೆ ಬರಬಾರದು. ಹೆಸರಷ್ಟೇ ಅಲ್ಲ, ಆ ಹೆಸರಿನಂತೆ ಕೇಳುವ ಯಾವ ಮಾತೂ ಆಡಬಾರದು. ಬೇರೆ ಹುಡುಗಿಯರಿಗೆ ಹುಲ್ಲು, ಕಲ್ಲು, ಇರುವೆ ಅಂತ ಹೆಸರಿಟ್ಟುಕೊಂಡ ಮಾವಂದಿರು ಸಿಕ್ಕಿ, ಜೀವನ ಹಾಯಾಗಿ ನಡೆಯುತ್ತಿತ್ತು. ನೊಸಾಫೊಳ ಹಣೆಬರಹ ಬರೆದವನಿಗೆ ಅವತ್ತು ಬೇರೆ ಕೆಲಸ ಇರಲಿಲ್ಲವೇನೋ. ಮಾವನ ಹೆಸರು ಎನ್ಕೋಮೊ, ಅಂದರೆ ಹಸು. ಮಾವನ ಅಪ್ಪ ಲಾಂಗಾ, ಅಂದರೆ ಸೂರ್ಯ. ಮಾವನ ತಮ್ಮ ಮಾಂಜಿ, ಅಂದರೆ ನೀರು. ಹಸು, ಸೂರ್ಯ, ನೀರು ಮೂರನ್ನೂ ಬಿಟ್ಟು ಒಬ್ಬ ಹೆಂಗಸು ಬೆಳಗಿನಿಂದ ಸಂಜೆವರೆಗೆ ಏನು ಮಾತಾಡಬೇಕು? ಅದಕ್ಕೇ ಹಸು ಕೊಂಬಮ್ಮ ಆಯಿತು, ಸೂರ್ಯ ಬೆಚ್ಚಪ್ಪ ಆದ, ನೀರು ತ್ಯಾವವಾಯಿತು.

ಅವಳು ಈ ಹಟ್ಟಿಗೆ ಬಂದ ತಿಂಗಳಲ್ಲೇ ಬೆಂತುವೂ ಬಂದ. ಅವಳು ಗುಡ್ಡದ ಕಡೆಯಿಂದ, ಹಾಡು ಹೇಳುವ ಗೆಳತಿಯರ ಜೊತೆ. ಅವನು ಕಡಲ ಕಡೆಯಿಂದ, ಒಂದು ಪೀಪಾಯಿಯನ್ನು ತಬ್ಬಿಕೊಂಡು. ಗೋವೆಯಿಂದ ಪರಂಗಿ ನಾಡಿಗೆ ಹೊರಟ ಹಡಗಂತೆ, ಹೊಟ್ಟೆ ತುಂಬ ಕಾಳುಮೆಣಸಂತೆ. ಬಂಡೆಗೆ ಬಡಿದು ಒಡೆದಾಗ ಮುನ್ನೂರು ಜನರಲ್ಲಿ ದಡ ಕಂಡವರು ಎಪ್ಪತ್ತು. ಮೂರು ದಿನ ಅಲೆಗಳೆಲ್ಲ ಖಾರವಾಗಿದ್ದವು, ದಡದ ಏಡಿಗಳೂ ಸೀನುತ್ತಿದ್ದವು ಅಂತ ಮಾಂಜಿ ಇವತ್ತಿಗೂ ಆಣೆ ಹಾಕುತ್ತಾನೆ. ಬದುಕಿದವರು ಉತ್ತರದಲ್ಲಿ ಎಲ್ಲೋ ಇರುವ ತಮ್ಮ ಕೋಟೆಗೆ ನಡೆದು ಹೊರಟರು. ಕಾಲು ಮುರಿದಿದ್ದ ಪೀಪಾಯಿ ಮಾಡುವವನನ್ನು ಹೊರುವವರು ಯಾರು? ಒಂದು ಜಪಮಾಲೆ, ಎರಡು ಮೊಳೆ ಕೈಗಿಟ್ಟು, ಬಂದು ಕರೆದುಕೊಂಡು ಹೋಗುತ್ತೇವೆ ಅಂತ ಹೇಳಿ, ತಿರುಗಿ ನೋಡದೆ ಹೋದರು.

ಎನ್ಕೋಮೊ ಅವನನ್ನು ಎತ್ತಿಸಿಕೊಂಡು ಬಂದ. ಕಾಲಿಗೆ ಕಟ್ಟು ಹಾಕಿಸಿದ. ಆಮೇಲೆ ಹೊಸ ಸೊಸೆಯನ್ನೂ ಹೊಸ ಪರಂಗಿಯನ್ನೂ ಒಟ್ಟಿಗೆ ನೋಡಿ, "ಇಬ್ರಿಗೂ ಈ ಮನೆ ಹೊಸದು. ಒಬ್ಬರ್ನೊಬ್ಬರು ನೋಡ್ಕೊಳ್ಳಿ," ಅಂದುಬಿಟ್ಟ.

ಅಲ್ಲಿಗೆ ಶುರುವಾಯಿತು. ನೊಸಾಫೊ ತೋರಿಸಿದ್ದೇ ಅವನಿಗೆ ಪಾಠ. ಅವಳು ನದಿಗೆ ಹೋದರೆ ಹಿಂದೆ ಕುಂಟುತ್ತ ಹೋಗುವನು. "ಇದೇನು?" "ತ್ಯಾವ." "ಅದೇನು, ಮೇಲೆ?" "ಬೆಚ್ಚಪ್ಪ." ಅವಳು ದೊಡ್ಡಿಯ ಮುಂದೆ ಹಾಯದೆ ಗುಡಿಸಲುಗಳ ಬೆನ್ನ ಹಿಂದಿನಿಂದ ತಲೆ ತಗ್ಗಿಸಿಕೊಂಡು ಸುತ್ತಿ ಹೋಗುತ್ತಿದ್ದಳು, ಹೊಸ ಸೊಸೆ ಇನ್ನು ಹೇಗೆ ಹೋಗಬೇಕು? ಅವನೂ ಹಾಗೇ ಸುತ್ತಿ ಹೋಗುವುದನ್ನು ಕಲಿತ. ಅವಳು ಗುಡಿಸಲಿನೊಳಗೆ ಹೆಂಗಸರ ಬದಿಯಲ್ಲಿ ಕೂತರೆ ಅವನೂ ಅಲ್ಲೇ, ಗಡ್ಡ ಸವರಿಕೊಂಡು. ಚಿಕ್ಕ ನಾದಿನಿಯರು ಅವಳನ್ನು ಅತ್ತಿಗೆ ಅಂದರೆ ಅವನಿಗೂ ಅವಳು ಅತ್ತಿಗೆ. ಅವಳು ಮಾವ ಅಂದವನು ಅವನಿಗೂ ಮಾವ.

ಒಂದು ಸಲ ಅವಳ ಗಂಡ ಲುಡಿಡಿಗೆ ತಡೆಯಲಾಗಲಿಲ್ಲ. "ಅಲ್ಲ ಬೆಂತು, ಅದು ಕೊಂಬಮ್ಮ ಅಲ್ಲ ಕಣೋ, ಅದು..." ಅಂತ ಬಾಯಿ ತೆರೆದ. ದೊಡ್ಡಿಯ ಬಾಗಿಲಲ್ಲಿ ಕೂತಿದ್ದ ಎನ್ಕೋಮೊ ಕೈಯೆತ್ತಿದ.

"ಲುಡಿಡಿ. ಬಾಯಿ ಮುಚ್ಚು."

"ಅಪ್ಪಾ, ಅವನು ಗಂಡಸು..."

"ಅವನ ಮಾತು ಯಾವನಾದ್ರೂ ತಿದ್ದಿದ್ರೆ, ಆ ಯಾವನನ್ನ ನಾನು ತಿದ್ದುತೀನಿ."

ಮುದುಕನಿಗೆ ಅಂಥದ್ದೊಂದು ತಮಾಷೆ ಇಷ್ಟವಿದೆ ಅಂತ ಎಲ್ಲರೂ ಅಂದುಕೊಂಡರು. ಹಟ್ಟಿಗೆ ಹಟ್ಟಿಯೇ ಬಾಯಿಗೆ ಬೀಗ ಹಾಕಿಕೊಂಡು, ದಿನಕ್ಕೆ ನಾಲ್ಕು ಸಲ ಮರೆಗೆ ಹೋಗಿ ನಕ್ಕು ಬರುತ್ತಿತ್ತು. ಜೋಳದ ಹೊಲದ ದಿನದ ಹಾಗೆ ಎದುರಿಗೇ ನಗು ಒಡೆದರೆ, ನಕ್ಕಿದ್ದು ಹಸುವಿಗೆ ಅಂತ ಬೆಂತು ತಾನೂ ನಗುತ್ತಿದ್ದ. ಅವನಿಗೆ ತನ್ನ ಮಾತಿನ ಮೇಲೆ ಭಾರಿ ಹೆಮ್ಮೆ.

ಒಂದೇ ಒಂದು ಕೊರಗು ಅವನಿಗೆ. ಮೊಸರು.

ಹಟ್ಟಿಯ ಸೋರೆಬುರುಡೆಯ ಮೊಸರು ಹಟ್ಟಿಯವರಿಗೆ ಮಾತ್ರ. ಬಂದ ನೆಂಟನಿಗೆ ಬಾಡು ಹಾಕುತ್ತಾರೆ, ಜೋಳದ ಗಂಜಿ ಹಾಕುತ್ತಾರೆ, ಹೆಂಡ ಕುಡಿಸಿ ಕುಣಿಸುತ್ತಾರೆ. ಮೊಸರು ಕೊಡುವುದಿಲ್ಲ. ಹೊಸ ಸೊಸೆಗೂ ಮೊದಮೊದಲು ಇಲ್ಲ. ಅವಳು ಮನೆಯವಳಾದಳು ಅಂತ ಹಿರಿಯರಿಗೆ ಅನ್ನಿಸಿದ ದಿನ ಕರೆದು, ಕೂರಿಸಿ, ಎಲ್ಲರೆದುರು ಬಡಿಸುತ್ತಾರೆ. ನೊಸಾಫೊಗೆ ಮೂರನೇ ತಿಂಗಳಲ್ಲೇ ಬಡಿಸಿದ್ದರು. ಬೆಂತು ಅವತ್ತು ದೂರದಲ್ಲಿ ಕೂತು, ಅವಳ ಕೈಗೆ ಬಂದ ಬಟ್ಟಲನ್ನು ಬೆಕ್ಕಿನ ಹಾಗೆ ನೋಡಿದ್ದ. ಅವನಿಗೆ ಹಸಿವೆ ಇರಲಿಲ್ಲ, ಆಗಷ್ಟೇ ಒಂದು ತೊಡೆ ಬಾಡು ಮುಗಿಸಿದ್ದ.

"ಅತ್ತಿಗೆ," ಅಂತ ಆಮೇಲೆ ಕೇಳಿದ, "ನನ್ ಕಾಲು ವಾಸಿ ಆಯ್ತು. ಮಾತು ಬಂತು. ಚಿಕ್ಕಪ್ಪಂಗೆ ಹೆಂಡ ಹಾಕೋಕೆ ಪೀಪಾಯಿ ಮಾಡಿಕೊಟ್ಟೆ. ನಂಗೆ ಮೊಸರು ಯಾವಾಗ?"

ಅವಳು ಅತ್ತೆಯ ಹತ್ತಿರ ಹೋದಳು. ಅತ್ತೆ ಮಾಬೆಲೆ ದೊಡ್ಡ ಮೈಯ, ದೊಡ್ಡ ಬಾಯಿಯ, ಅದಕ್ಕಿಂತ ದೊಡ್ಡ ಮನಸ್ಸಿನ ಹೆಂಗಸು. ಬುರುಡೆ ಅಲ್ಲಾಡಿಸುತ್ತ ಅಂದಳು:

"ನಂಗೇನ್ ಕೊಡಬಾರದು ಅಂತ ಹಟಾನಾ ಮಗಳೇ? ಕೊಡೋವಾಗ ಏನಂತ ಕೊಡ್ಲಿ ಹೇಳು. ಮಗ ಬಾರೋ ಅನ್ನೋಕೆ ನಾನು ಹೆತ್ತಿಲ್ಲ. ಅಳಿಯ ಅನ್ನೋಕೆ ಹುಡುಗಿ ಕೊಟ್ಟಿಲ್ಲ. ಅಣ್ಣ ತಮ್ಮ ಅನ್ನೋಕೆ ಅವನ ಕುಲ ಯಾವ್ದು, ಮೀನಿಂದಾ? ಕರಿಯೋಕೆ ಒಂದು ಸಂಬಂಧ ಬೇಕು. ನಿಮ್ ಮಾವನೂ ಇವನು ಬಂದಾಗಿಂದ ಅದನ್ನೇ ತಲೆ ಕೆರ್ಕೊಂಡು ಕೂತವ್ರೆ. ನೀನು ಹುಡುಕ್ಕೊಂಡ್ ಬಾ, ನಾನು ಬುರುಡೆ ಬಗ್ಗಿಸ್ತೀನಿ."

ನೊಸಾಫೊ ಹುಡುಕಿದಳು. ಸಿಗಲಿಲ್ಲ. ಜೋಳ ಎರಡನೇ ಸಲ ತೆನೆ ಕಟ್ಟಿತು. ಆ ಹೊತ್ತಿಗೆ ಸರಿಯಾಗಿ ಬಂದಿಳಿದರು ಹೊಸ ಪರಂಗಿಗಳು.

ತೆಂಕಣದಲ್ಲಿ ಮೂರು ದಿನದ ದಾರಿಯಾಚೆ ಇನ್ನೊಂದು ಹಡಗು ಒಡೆದಿತ್ತು. ನಲವತ್ತು ಜನ. ಒಬ್ಬನ ಮೈಮೇಲೆ ಚಿನ್ನದ ಗುಂಡಿಯ ಮಕಮಲ್ಲಿನ ಅಂಗಿ, ಸೊಂಟದ ಕೆಳಗೆ ಬರೀ ಹಾಯಿಬಟ್ಟೆ. ಒಬ್ಬ ಬೂಟಿನ ಅಟ್ಟೆಯನ್ನು ಬೇಯಿಸಿ ತಿಂದು, ಉಳಿದ ಮೇಲ್ಭಾಗವನ್ನು ಹಾಕಿಕೊಂಡು ನಡೆಯುತ್ತಿದ್ದ. ಮುಂದೆ ಅವರ ಯಜಮಾನ, ದೋಂ ಎಸ್ತೆವಾಂವ್, ಬೆಟ್ಟದಂಥ ಮೂಗು, ಕಡ್ಡಿಯಂಥ ಕಾಲು. ಹಿಂದೆ ಇಬ್ಬರು ಹೊತ್ತ ದೊಡ್ಡ ತಾಮ್ರದ ಹಂಡೆ, ಬಿಸಿಲಿಗೆ ಥಳಥಳ. ಪಕ್ಕದಲ್ಲಿ ನೆರೆಹಟ್ಟಿಯ ಯಜಮಾನ ಗುಬೆವು, ತನ್ನ ಹತ್ತು ಗಂಡಸರ ಜೊತೆ. ಪರಂಗಿಗಳು ಅವನ ನೆಲ ದಾಟಿ ಬಂದಿದ್ದರಿಂದ, ಅವರಿಂದ ಏನು ಸಿಕ್ಕಿದರೂ ಅರ್ಧ ತನಗೆ ಅನ್ನುವುದು ಅವನ ಲೆಕ್ಕ.

ಬೆಂತು ಅವರನ್ನು ನೋಡಿ ಅತ್ತ. ತಾನೇ ಓಡಿ ಗಂಜಿ ತಂದ. ಮಕಮಲ್ಲಿನವನಿಗೂ ಬೂಟಿನವನಿಗೂ ಕೈಯಾರೆ ಕುಡಿಸಿದ. ತನ್ನ ಹಳೆಯ ಜೊತೆಯವರ ಸುದ್ದಿ ಕೇಳಿದ. ತಿರುಗಿ ಬಂದಾಗ ಅವನ ಮುಖ ಬೂದಿಯಾಗಿತ್ತು.

"ಏನಾಯ್ತೋ?" ಅಂದಳು ನೊಸಾಫೊ.

"ಎಪ್ಪತ್ತು ಜನ ಹೋದ್ರಲ್ಲ ಅತ್ತಿಗೆ. ಕೋಟೆ ಮುಟ್ಟಿದ್ದು ಆರು." ಅವನು ತನ್ನ ಸೊಟ್ಟ ಕಾಲು ನೋಡಿಕೊಂಡ. "ಆ ಆರೂ ಜನಕ್ಕೆ ಎರಡೆರಡು ನೆಟ್ಟಗಿರೋ ಕಾಲಿತ್ತು."

ಅಷ್ಟರಲ್ಲಿ ಕರೆ ಬಂತು. ದೊಡ್ಡಿಯ ಮುಂದೆ ಗಂಡಸರು ಕೂಡಿದ್ದಾರೆ, ಮಾತು ದಾಟಿಸುವುದಕ್ಕೆ ಬೆಂತು ಬೇಕು.

ನೊಸಾಫೊ ಅಲ್ಲಿಗೆ ಹೋಗುವ ಹಾಗಿಲ್ಲ. ಆದರೆ ಮಾಂಜಿಯ ಗುಡಿಸಲ ಮುಂದೆ ಗಾಳಿ ತಡೆಯುವ ಜೊಂಡಿನ ತಟ್ಟಿ ಒಂದಿತ್ತು, ಅದರ ಹಿಂದೆ ಕೂತು ಬುಟ್ಟಿ ಹೆಣೆಯಬಾರದು ಅಂತ ಯಾವ ಹಿರಿಯರೂ ಹೇಳಿರಲಿಲ್ಲ. ಅವಳು ಹೋಗಿ ಕೂತಳು, ಬುಟ್ಟಿ ಮರೆತು ಬಂದಿದ್ದಳು. ಬೆಂತು ಎಂದಿನಂತೆ ದೊಡ್ಡಿಯ ಮುಂದೆ ಹಾಯದೆ, ತಲೆ ತಗ್ಗಿಸಿಕೊಂಡು, ಗುಡಿಸಲುಗಳನ್ನು ಸುತ್ತಿ ಸುತ್ತಿ ಬಂದು, ಸಭೆಯ ತುದಿಯಲ್ಲಿ ಅದೇ ತಟ್ಟಿಗೆ ಒರಗಿ ಕೂತ. ಗುಬೆವು ಇದನ್ನು ಕಣ್ಣು ಕಿರಿದು ಮಾಡಿ ನೋಡಿದ.

ಎಸ್ತೆವಾಂವ್ ಬುಸುಬುಸು ಮಾತಾಡಿದ. ಬೆಂತು ಗಂಟಲು ಸರಿಮಾಡಿಕೊಂಡ. ಜೀವನದಲ್ಲಿ ಮೊದಲ ಸಲ ಸಭೆಯಲ್ಲಿ ಮಾತು, ತೂಕವಾಗಿ ಹೇಳಬೇಕು.

"ಈ ದೊರೆಗೆ ಹತ್ತು ಕೊಂಬಮ್ಮ ಬೇಕಂತೆ. ಬದ್ಲಿಗೆ ತಾಮ್ರದ ಬಳೆ, ಕಬ್ಬಿಣದ ಮೊಳೆ ಕೊಡ್ತಾನಂತೆ. ಬೆಚ್ಚಪ್ಪ ಮುಳುಗೋದ್ರೊಳಗೆ ಮಾತು ಮುಗಿಸಿ, ತ್ಯಾವ ದಾಟಿ ಹೋಗಬೇಕಂತೆ."

ಗುಬೆವು ಕಿವಿಯೊಳಗೆ ಬೆರಳಾಡಿಸಿದ. "ಏನಂದೆ? ಇನ್ನೊಂದ್ ಸಲ ಹೇಳಪ್ಪ."

"ಹತ್ತು ಕೊಂಬಮ್ಮ," ಅಂದ ಬೆಂತು, ಕಿವುಡನಿಗೆ ಹೇಳುವ ಹಾಗೆ ಗಟ್ಟಿಯಾಗಿ.

ಗುಬೆವುವಿನ ಹತ್ತೂ ಗಂಡಸರು ಹಿಂದಕ್ಕೆ ಬಿದ್ದರು. ಒಬ್ಬನ ಕಾಲು ಮಾತ್ರ ಮೇಲೆ ಕಾಣುತ್ತಿತ್ತು. ಎನ್ಕೋಮೊನ ಕಡೆಯವರು ವರ್ಷದಿಂದ ತಡೆದಿಟ್ಟ ನಗುವನ್ನು ಇನ್ನು ತಡೆಯಲಾರದೆ ಕಟ್ಟೆ ಒಡೆದ ಹಾಗೆ ಹರಿಸಿದರು. ಏನೂ ಅರ್ಥವಾಗದ ಪರಂಗಿಗಳೂ ಮರ್ಯಾದೆಗೆ ಅಂತ ನಕ್ಕರು. ಗುಬೆವು ಕಣ್ಣೊರೆಸಿಕೊಳ್ಳುತ್ತ ಎದ್ದು ನಿಂತ.

"ಅಯ್ಯಯ್ಯಪ್ಪಾ! ಎನ್ಕೋಮೊ, ಹೇಳೋದಲ್ವೇನಯ್ಯ! ನಿನ್ ಮನೇಗೆ ಗಡ್ಡ ಇರೋ ಸೊಸೆ ಯಾವಾಗ ಬಂದ್ಳು?"

ಬೆಂತು ಎಲ್ಲರ ಮುಖ ನೋಡಿದ. ನಗು ನಿಧಾನವಾಗಿ ಅವನಿಗೆ ಅರ್ಥವಾಗುತ್ತ ಹೋಯಿತು. ತಟ್ಟಿಯ ಕಡೆಗೆ ಅರ್ಧ ತಿರುಗಿ, ಮೆಲ್ಲಗೆ ಕೇಳಿದ:

"ಅತ್ತಿಗೆ, ಇದು ಹೆಂಗಸ್ರ ಮಾತಾ?"

ಜೊಂಡಿನ ಆಚೆಯಿಂದ ಸಣ್ಣ ದನಿ ಬಂತು. "ಸೊಸೇರ ಮಾತು ಕಣೋ."

"ಒಂದ್ ವರ್ಷದಿಂದ?"

"ನನ್ ನಾಲಿಗೇಲಿ ಇರೋದು ಅದೊಂದೇ. ಬೇರೇದು ಹೇಳಿಕೊಡೋಕೆ ನಂಗೆ ಬಾಯೇ ಇಲ್ವಲ್ಲ!"

ಬೆಂತು ತಟ್ಟಿಗೆ ಬೆನ್ನು ಹಾಕಿದ. ಅವನ ಕಿವಿ ಗಡ್ಡದಷ್ಟೇ ಕೆಂಪಾಯಿತು. ನೊಸಾಫೊಗೆ ಎದೆಯೊಳಗೆ ಏನೋ ಚುಚ್ಚಿತು. ಕೋಪ ಮಾಡಿಕೊಂಡು ಬೈದಿದ್ದರೆ ಚೆನ್ನಾಗಿತ್ತು.

ನಗು ಮುಗಿಯುವುದನ್ನೇ ಕಾಯುತ್ತಿದ್ದ ಎಸ್ತೆವಾಂವ್ ಈಗ ಬೆಂತುವಿನ ಕಡೆ ಬೆರಳು ತೋರಿಸಿ, ಆಮೇಲೆ ಹಂಡೆಯ ಕಡೆ ತೋರಿಸಿ, ಇನ್ನಷ್ಟು ಬುಸುಗುಟ್ಟಿದ. ಬೆಂತು ಹಂಡೆಯನ್ನೇ ನೋಡುತ್ತ ಕೂತ.

"ಏನಂತೆ?" ಅಂದ ಎನ್ಕೋಮೊ.

"ಈ ಹಂಡೆ..." ಬೆಂತು ಗಡ್ಡ ಹಿಡಿದುಕೊಂಡ. "ಈ ಹಂಡೆ ನಂಗಂತೆ ಮಾವ. ಅಂದ್ರೆ, ನನ್ನ ಕೊಟ್ರೆ ಇದನ್ನ ಕೊಡ್ತಾನಂತೆ. ದಾರೀಲಿ ಮಾತು ದಾಟ್ಸೋಕೆ ನಾನು ಬೇಕಂತೆ. ನಾನು ಅವನ ಅರಸನ ಆಳಂತೆ, ಬರಲ್ಲ ಅನ್ನೋಂಗಿಲ್ವಂತೆ."

ತನ್ನನ್ನೇ ಮಾರುವ ಮಾತನ್ನು ತಾನೇ ದಾಟಿಸಿ, ಅವನು ನೆಲ ನೋಡಿದ.

ಹಂಡೆ ಥಳಥಳ ಹೊಳೆಯಿತು. ಗುಬೆವು ಅದರ ಹೊಟ್ಟೆ ತಟ್ಟಿದ, ಅದು ಗಂಯ್ ಅಂದಿತು. ಅಷ್ಟು ತಾಮ್ರವನ್ನು ಆ ಕಣಿವೆಯಲ್ಲಿ ಯಾರೂ ಒಟ್ಟಿಗೆ ನೋಡಿರಲಿಲ್ಲ.

"ಕೊಟ್ಬಿಡು ಎನ್ಕೋಮೊ," ಅಂದ ಗುಬೆವು. "ಅರ್ಧ ನಿಂಗೆ, ಅರ್ಧ ನಂಗೆ. ಯೋಚ್ನೆ ಯಾಕೆ? ಇವನು ನಿನ್ ಮಗನಾ?"

"ಅಲ್ಲ."

"ಅಳಿಯನಾ?"

"ಅಲ್ಲ."

"ನಿನ್ ಬುರುಡೆ ಮೊಸರು ತಿಂದವ್ನಾ?"

ಎನ್ಕೋಮೊ ಸುಳ್ಳು ಹೇಳುವ ಮನುಷ್ಯನಲ್ಲ. "ಇಲ್ಲ," ಅಂದ. ಆ ಒಂದು ಮಾತಿಗೆ ಅವನು ಹತ್ತು ವರ್ಷ ಮುದುಕನಾದ ಹಾಗೆ ಕಂಡ.

"ಮತ್ತೆ? ದಡಕ್ಕೆ ಬಂದ ಮರದ ತುಂಡು. ತೇಲ್ಕೊಂಡ್ ಬಂತು, ತೇಲ್ಕೊಂಡ್ ಹೋಗ್ಲಿ!"

ಮಾತು ನ್ಯಾಯವಾಗಿಯೇ ಇತ್ತು, ಅದೇ ತೊಂದರೆ. ಎನ್ಕೋಮೊ ತುಂಬ ಹೊತ್ತು ಕೋಲಿನ ತುದಿಯಿಂದ ಮಣ್ಣು ಕೆದಕಿದ. ಆಮೇಲೆ ಕೇಳಿದ:

"ಬೆಂತು. ನಿಂಗೇನ್ ಬೇಕೋ?"

ಬೆಂತು ತಲೆ ಎತ್ತಿದ. "ಮೊಸರು," ಅಂದ.

ಯಾರೂ ನಗಲಿಲ್ಲ.

ತಟ್ಟಿಯ ಹಿಂದೆ ನೊಸಾಫೊ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಿದ್ದಳು. ಮಗ ಅಲ್ಲ, ಅಳಿಯ ಅಲ್ಲ. ಒಂದು ಸಂಬಂಧ ಹುಡುಕಿಕೊಂಡು ಬಾ ಅಂದಿದ್ದಳು ಅತ್ತೆ. ಗುಬೆವು ಏನಂದ ಈಗ? ಗಡ್ಡ ಇರೋ... ಅವಳು ದಡಕ್ಕನೆ ನೆಟ್ಟಗೆ ಕೂತಳು. ಅಯ್ಯೋ ಪೆದ್ದೀ! ಇಷ್ಟು ದಿನ ಹುಡುಕಿದ್ದನ್ನು ಆ ಪುಣ್ಯಾತ್ಮ ಬೈಗುಳದ ಜೊತೆ ಪುಕ್ಕಟೆ ಕೊಟ್ಟುಹೋಗಿದ್ದಾನೆ!

ಅವಳು ಜೊಂಡಿನ ಸಂದಿಗೆ ಬಾಯಿ ಇಟ್ಟಳು. "ಬೆಂತು! ನಾನು ಹೇಳಿದ್ದನ್ನ ಹಾಗ್ಹಾಗೇ ಹೇಳು."

ಬೆಂತು ಒಂದು ವರ್ಷದಿಂದ ಅವಳು ಹೇಳಿದ್ದನ್ನು ಹಾಗ್ಹಾಗೇ ಹೇಳಿದವನು. ಎದ್ದು ನಿಂತ.

"ನಾನು ಹೇಳಿದ್ದನ್ನ ಹಾಗ್ಹಾಗೇ ಹೇಳು!" ಅಂತ ಸಭೆಗೆ ಗುಡುಗಿದ.

ಸಭೆ ಕಣ್ಣು ಬಿಟ್ಟಿತು.

"ಅದನ್ನಲ್ಲ ಕಣೋ ಕೋತಿ!"

"ಅದನ್ನಲ್ಲ ಕಣೋ ಕೋತಿ!" ಅಂದ ಬೆಂತು ಗುಬೆವುವಿನ ಕಡೆ ತಿರುಗಿ.

"ಯಾರಿಗೋ ಕೋತಿ ಅಂದಿದ್ದು?" ಗುಬೆವು ಮುಂದೆ ನುಗ್ಗಿದ.

"ಮೆಲ್ಲಗೆ! ಮಾವಂಗೆ ಕೇಳ್ಸುತ್ತೆ!"

"ಮೆಲ್ಲಗೆ! ಮಾವಂಗೆ ಕೇಳ್ಸುತ್ತೆ!"

ಮಾವನಿಗೆ ಕೇಳಿಸಿತ್ತು. ತಟ್ಟಿಯ ಆಚೆ ಯಾರಿದ್ದಾರೆ ಅಂತಲೂ ಗೊತ್ತಾಗಿತ್ತು. ಎನ್ಕೋಮೊ ಕೆಮ್ಮಿದ, ಆಕಾಶ ನೋಡಿದ, "ಗಾಳಿ ಜೋರಾಗೈತೆ. ಜೊಂಡು ಏನೇನೋ ಸದ್ದು ಮಾಡ್ತೈತೆ. ಬೆಂತು, ನೀನು ಮುಂದುವರಿಸು," ಅಂದ.

ನೊಸಾಫೊ ಉಸಿರು ಎಳೆದುಕೊಂಡಳು. ಅವಳು ಒಂದೊಂದೇ ಮಾತು ತೂರಿಸಿದಳು, ಬೆಂತು ಒಂದೊಂದನ್ನೂ ಕಣಿವೆಗೆ ಕೇಳುವಂತೆ ಕೂಗಿದ.

"ಈ ಹಟ್ಟಿಗೆ ಬೇರೆ ಕಡೆಯಿಂದ ಬಂದೋರು ಯಾರು?"

"ಬಂದಾಗಿಂದ ಒಂದ್ ದಿನಾನೂ ಮಾವನ ಹೆಸರು ಬಾಯಿಗೆ ತರದೇ ಇರೋರು ಯಾರು?"

"ದೊಡ್ಡಿ ಮುಂದೆ ಹಾಯದೆ, ಗುಡಿಸಲು ಸುತ್ತಿ, ತಲೆ ತಗ್ಗಿಸಿ ನಡಿಯೋರು ಯಾರು?"

"ಹೆಂಗಸ್ರ ಬದೀಲಿ ಕೂತು, ತ್ಯಾವ ಹೊತ್ತು, ಮೊಸರಿಗೆ ಕಾಯೋರು ಯಾರು?"

"ಅಂಥೋರ್ನ ನಮ್ ಕಡೆ ಏನಂತಾರೆ?"

ಗಾಳಿಗೆ ಜೊಂಡು ಸರಸರ ಅಂದಿತು. ಹೆಂಡದ ಪೀಪಾಯಿಗೆ ಒರಗಿದ್ದ ಮಾಂಜಿ ಒಂದು ಕಣ್ಣು ತೆರೆದ.

"ಇದೇನ್ ಒಗಟಾ? ಸೊಸೆ ಅಂತಾರೆ!"

"ಅದನ್ನ ಮೊದಲು ಹೇಳಿದ್ದು ಗುಬೆವು!" ಅಂತ ಬೆಂತುವಿನ ಬಾಯಲ್ಲಿ ನೊಸಾಫೊ ಮುಗಿಸಿದಳು.

ಎನ್ಕೋಮೊ ಎದ್ದ. ಕೋಲು ಊರದೆ ಎದ್ದ. ನಿಧಾನಕ್ಕೆ ಗುಬೆವುವಿನ ಮುಂದೆ ಬಂದು ನಿಂತು, ಮೂಗಿಗೆ ಮೂಗು ಹತ್ತಿರ ತಂದ.

"ನನ್ ಗಂಡುಮಕ್ಕಳು ದಿನಕ್ಕೆ ನೂರು ಸಲ ನನ್ ಹೆಸರು ಕೂಗಿ ದನ ಹೊಡೀತಾರೆ. 'ಎದ್ದೇಳು ಹಸು, ನಡಿ ಹಸು, ಥೂ ಹಸು!' ಒಬ್ಬ ಇವನು, ಗುರುತಿಲ್ಲದ ಊರವನು, ಒಂದು ವರ್ಷ ನನ್ ಹೆಸರನ್ನ ನೆಲಕ್ಕೆ ಬೀಳಿಸಿಲ್ಲ. ಅದನ್ನ ಕೇಳೋಕೆ ಅಂತಾನೇ ನಾನು ಬೆಳಗ್ಗೆ ಏಳ್ತಿದ್ದೆ ಕಣಯ್ಯ. ಏನಂತ ಕರೀಲಿ ಅಂತ ಗೊತ್ತಾಗದೆ ಕೂತಿದ್ದೆ. ನೀನು ಕರೆದೆ. ಬಾಯಿ ನಿಂದು, ಸಾಕ್ಷಿ ನಿಂದು. ಈಗ ಹೇಳು, ಸೊಸೇನ ಹಂಡೆಗೆ ಮಾರೋ ಮನೆ ಯಾವ್ದಾದ್ರೂ ನೋಡಿದ್ದೀಯಾ?"

ಗುಬೆವು ಒಂದು ಹೆಜ್ಜೆ ಹಿಂದೆ ಸರಿದ. "ಸೊಸೆ ಅಂದ್ಮೇಲೆ ಗಂಡ ಯಾರು?"

ಎಲ್ಲರ ಕಣ್ಣೂ ಹೆಂಡತಿ ಸತ್ತು ಆರು ವರ್ಷವಾಗಿದ್ದ ಮಾಂಜಿಯ ಮೇಲೆ ಹೋಯಿತು. ಮಾಂಜಿ ಪೀಪಾಯಿಯ ಹಿಂದೆ ಅಡಗಿದ. "ಏಯ್! ನನ್ ಕಡೆ ಯಾಕ್ ನೋಡ್ತೀರೋ! ಅವನು ಪೀಪಾಯಿ ಮಾಡಿಕೊಟ್ಟ, ಅಷ್ಟೇ ನಮ್ಮಿಬ್ಬರ ಸಂಬಂಧ!"

"ಹಟ್ಟಿಗೆ ಬಂದ ಸೊಸೆ. ಹಟ್ಟೀನೇ ಗಂಡ," ಅಂದ ಎನ್ಕೋಮೊ. "ಮುಂದೆ?"

"ಹೆಣ್ಣಿನ ತವರಿಗೆ ತೆರ ಕೊಟ್ಟಿದ್ದೀಯಾ?" ಗುಬೆವು ಕೊನೆಯ ಬಾಣ ಬಿಟ್ಟ. "ತೆರ ಇಲ್ದೆ ಮನೆಗಿಟ್ಟುಕೊಂಡ ಹೆಣ್ಣನ್ನ ತವರಿನೋರು ಬಂದು ಕರ್ಕೊಂಡ್ ಹೋಗಬೋದು. ತವರಿನೋರು ಬಂದವ್ರೆ, ನೋಡು!"

ಎಸ್ತೆವಾಂವ್ ಎಲ್ಲರೂ ತನ್ನನ್ನು ನೋಡಿದ್ದಕ್ಕೆ ಬೆನ್ನು ನೆಟ್ಟಗೆ ಮಾಡಿದ.

ತೆರದ ಮಾತು ನೊಸಾಫೊಗೆ ಹೊಳೆದೇ ಇರಲಿಲ್ಲ. ಆದರೆ ಎನ್ಕೋಮೊನ ಮುಖದಲ್ಲಿ ಬಿಸಿಲು ಹರಡಿತು.

"ಹತ್ತು ಹಸು ಕೇಳಿದನಲ್ಲ ಅವನು? ಹತ್ತೇ ನಮ್ ಕಡೆ ತೆರ. ಹೊಡ್ಕೊಂಡ್ ಬನ್ರೋ! ಅವರ ಬಳೆ, ಮೊಳೆ ಹೆಣ್ಣಿನ ಉಡುಗೊರೆ. ಹಂಡೆ ಅವರೇ ಇಟ್ಕೊಳ್ಳಿ, ದಾರೀಲಿ ಬೇಯಿಸ್ಕೊಂಡ್ ತಿನ್ನೋಕೆ ಬೇಕಾಗುತ್ತೆ. ಮುಂದಿನ ನದಿವರೆಗೆ ಲುಡಿಡಿ ಹೋಗ್ತಾನೆ, ಅಲ್ಲಿಂದಾಚೆ ನನ್ ಷಡ್ಡಕ ಅವ್ನೆ, ದಾರಿ ತೋರಿಸ್ತಾನೆ. ಬೆಂತು, ನಿಮ್ಮಪ್ಪಂಗೆ ಹೇಳು!"

ಬೆಂತು ಹೇಳಿದ. ಏನು ಹೇಳಿದನೋ, ಹೆಣ್ಣಿನ ತಂದೆಯಾದ ಸುದ್ದಿಯನ್ನಂತೂ ಎಸ್ತೆವಾಂವ್‌ಗೆ ಹೇಳಿರಲಾರ. ಆ ಮನುಷ್ಯ ಹುಬ್ಬು ಗಂಟಿಕ್ಕಿದ, ಬೆಂತುವಿನ ಸೊಟ್ಟ ಕಾಲು ನೋಡಿದ, ದೊಡ್ಡಿಯಿಂದ ಹೊರಗೆ ಬರುತ್ತಿದ್ದ ಹತ್ತು ಕೊಬ್ಬಿದ ಹಸು ನೋಡಿದ. ಹಿಂದೆ ನಿಂತಿದ್ದ ಮಕಮಲ್ಲಿನವನು ಆಗಲೇ ಒಂದು ಹಸುವಿನ ಕುತ್ತಿಗೆ ತಬ್ಬಿಕೊಂಡು ಅಳುತ್ತಿದ್ದ. ಎಸ್ತೆವಾಂವ್ ಟೋಪಿ ತೆಗೆದು ಎನ್ಕೋಮೊಗೆ ಬಾಗಿದ, ಬೀಗರು ಬಾಗುವ ಹಾಗೇ. ಬೆಂತುವಿನ ಭುಜ ಹಿಡಿದು ಏನೋ ಹೇಳಿದ.

"ಏನಂದ?" ಅಂದಳು ನೊಸಾಫೊ, ಜೊಂಡಿನಿಂದ.

"ದೇವರು ನಿನ್ನ ಚೆನ್ನಾಗಿಟ್ಟಿರಲಿ ಅಂದ. ಊರಿಗೆ ಹೋದ್ರೆ ನಮ್ಮಮ್ಮಂಗೆ ಹೇಳ್ತಾನಂತೆ, ನಾನು ಬದುಕಿದ್ದೀನಿ ಅಂತ."

ಗುಬೆವು ಗುಡುಗುಡು ಅಂದುಕೊಂಡು ಹೊರಡುವುದರಲ್ಲಿದ್ದ. ಎನ್ಕೋಮೊ ಅವನ ಕೈ ಹಿಡಿದ. "ಎಲ್ಲಿಗಯ್ಯ? ಮದುವೆ ಊಟಕ್ಕೆ ಹೋರಿ ಕಡೀತಾ ಇದೀವಿ. ಸಾಕ್ಷಿ ಇಲ್ದೆ ಊಟ ಹೆಂಗೆ?" ಊಟ ಅಂದಮೇಲೆ ಗುಬೆವು ಹಂಡೆಯನ್ನು ಮರೆತ. ಎಲ್ಲರಿಗಿಂತ ಜೋರಾಗಿ ಮದುವೆ ಹಾಡು ಹೇಳಿದವನೂ ಅವನೇ.

ಬಿಸಿಲು ಇಳಿಯುವ ಮೊದಲೇ ದೊಡ್ಡ ಗುಡಿಸಲ ಮುಂದೆ ಚಾಪೆ ಹಾಸಿದರು. ಬೆಂತುವನ್ನು ಕೂರಿಸಿ ತಲೆಗೆ ತೊಗಲು ಹೊದಿಸಿದರು. ಗಡ್ಡ ಮಾತ್ರ ಹೊರಗೆ ಇಣುಕುತ್ತಿತ್ತು. ಮಾಬೆಲೆ ಬುರುಡೆ ಹಿಡಿದು ಬಂದಳು. ಹೊಸ ಸೊಸೆಗೆ ಹೊಸ ಹೆಸರು ಇಡಬೇಕಾದವಳು ಅತ್ತೆ.

"ಇದು ನಮಗೆ ಕಡಲು ಕೊಟ್ಟ ಹೆಣ್ಣು," ಅಂದಳು ನಗು ತಡೆಯುತ್ತ. "ಇವತ್ತಿಂದ ಇವಳ... ಇವನ... ಏನಾದ್ರೂ ಆಗ್ಲಿ, ಹೆಸರು ನೊಲ್ವ್ಯಾಂಡ್ಲೆ. ಕಡಲಮ್ಮ! ನೊಸಾಫೊ, ನೀನು ಮೊದಲು ಬಂದ ಸೊಸೆ. ನೀನೇ ಬಡಿಸು."

ನೊಸಾಫೊ ಬುರುಡೆ ಬಗ್ಗಿಸಿದಳು. ಮೊಸರು ಗಡ್ಡೆ ಗಡ್ಡೆಯಾಗಿ, ಬೆಳ್ಳಗೆ, ಬಟ್ಟಲಿಗೆ ಬಿತ್ತು. ಬೆಂತು ಎರಡೂ ಕೈಯಲ್ಲಿ ತೆಗೆದುಕೊಂಡ. ತಕ್ಷಣ ತಿನ್ನಲಿಲ್ಲ. ನೋಡಿದ, ಮೂಸಿದ, ಕಣ್ಣು ಮುಚ್ಚಿದ. ಆಮೇಲೆ ಒಂದೇ ಸಲಕ್ಕೆ ಬಟ್ಟಲೆತ್ತಿದ. ಇಳಿಸಿದಾಗ ಕೆಂಪು ಗಡ್ಡ ಬಿಳಿಯಾಗಿತ್ತು, ಕಣ್ಣಲ್ಲಿ ತ್ಯಾವ ತುಂಬಿತ್ತು.

"ಹೆಂಗೈತೆ?" ಅಂದಳು.

"ಸ್ವಲ್ಪ ಹುಳಿ ಅತ್ತಿಗೆ," ಅಂದ. "ಇನ್ನೊಂದ್ ಬಟ್ಟಲು ಹಾಕಿ."

"ಅತ್ತಿಗೆ ಅಲ್ಲ ಕಣೋ ಇನ್ಮೇಲೆ. ನಾವಿಬ್ರೂ ಓರಗಿತ್ತೀರು!"

ಆ ಮಾತಿಗೆ ಹೆಂಗಸರು ಚಪ್ಪಾಳೆ ತಟ್ಟಿ ನಾಲಿಗೆ ಮಿಡಿದು ಕೂಗಿದ ಸದ್ದಿಗೆ ಉಳಿದ ದನಗಳೆಲ್ಲ ದೊಡ್ಡಿಯಲ್ಲಿ ಎದ್ದು ನಿಂತವು. ಮಾಂಜಿ ಮೆತ್ತಗೆ ಬಂದು ಬೆಂತುವಿನ ಪಕ್ಕ ಕೂತ, ಮೂರು ಮಡಕೆ ಇಳಿಸಿದ ಪ್ರೀತಿಯಲ್ಲಿ ಹೆಗಲ ಮೇಲೆ ಕೈ ಹಾಕಿದ.

"ಆಗಿದ್ದಾಯ್ತು ಮಗಾ. ಈಗ ನೀನು ಮನೆಯೋನು. ಇನ್ನಾದ್ರೂ ಗಂಡಸ್ರ ಮಾತು ಕಲಿ. ನಾನು ಕಲಿಸ್ತೀನಿ. ಅಲ್ನೋಡು, ದೊಡ್ಡೀಲಿ ನಿಂತೈತಲ್ಲ, ಅದು ಕೊಂಬಮ್ಮ ಅಲ್ಲ. ಸರಿಯಾಗಿ ಹೇಳು ನೋಡಣ, ಅದು ಎನ್ಕೋ..."

ಬೆಂತು ಮೊಸರಿನ ಕೈಯನ್ನು ಅವನ ಬಾಯಿ ಮೇಲೆ ಅಪ್ಪಳಿಸಿದ.

"ಶ್! ಚಿಕ್ಕಪ್ಪಾ! ಮಾವನ ಹೆಸರು!"

ಚಾಪೆಯ ಆ ತುದಿಯಲ್ಲಿ ಕೂತಿದ್ದ ಎನ್ಕೋಮೊ ಆಕಾಶ ನೋಡಿದ. "ಬೆಚ್ಚಪ್ಪ ಇಳೀತಾ ಅವ್ನೆ," ಅಂದ, ಯಾರಿಗೂ ಅಲ್ಲದ ಹಾಗೆ. "ಕೊಂಬಮ್ಮಂದಿರಿಗೆ ತ್ಯಾವ ತೋರ್ಸಿದ್ರೇನ್ರೋ?"